ಫ್ಲ್ಯಾಶನ್ನು ಗೋಡೆಯ ಕಡೆ ತಿರುಗಿಸಿ

(ಹವ್ಯಾಸಿ ಛಾಯಾಗ್ರಾಹಕರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು 50 ಮಿ.ಮೀ. ಲೆನ್ಸ್, ಕ್ಯಾಮೆರಾದ ತಲೆ ಮೇಲೆ ಕೂರುವ ಒಂದು ಫ್ಲ್ಯಾಶ್ ಮತ್ತು ಎರಡು ಫೋಟೋಗಳನ್ನು ತಂದಿದ್ದೇನೆ. ಮೊದಲು ಫೋಟೋ ನೋಡಿ. ಎರಡೂ ನನ್ನ ಅಜ್ಜಿಯವು. ಅದೇ ಕೋಣೆ, ಅದೇ ಕುರ್ಚಿ, ಎರಡೂ ರಾತ್ರಿ ಹೊತ್ತಿನವು.

ಮೊದಲನೆಯದರಲ್ಲಿ ಹಣೆ ಮತ್ತು ಮೂಗಿನ ತುದಿ ಬಿಳಿಚಿಕೊಂಡಿವೆ. ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಮೆತ್ತಿಕೊಂಡಿದೆ. ಎಂಬತ್ತು ದಾಟಿದ ಮುಖದಲ್ಲಿ ಒಂದು ಸುಕ್ಕೂ ಕಾಣುವುದಿಲ್ಲ. ಬೆಳಕು ಎದುರಿನಿಂದ ಹೊಡೆದು ಎಲ್ಲವನ್ನೂ ಚಪ್ಪಟೆ ಮಾಡಿಬಿಟ್ಟಿದೆ. ಎರಡನೆಯದರಲ್ಲಿ ಕೆನ್ನೆಗೆ ಗುಂಡು ಬಂದಿದೆ. ಕಣ್ಣಲ್ಲಿ ಹೊಳಪಿದೆ. ಸುಕ್ಕುಗಳು ಒಂದೊಂದಾಗಿ ಕಾಣುತ್ತವೆ, ನೋಡಲು ಹಿತವಾಗಿಯೂ ಇವೆ.

ಎರಡರ ನಡುವೆ ಮೂರು ವರ್ಷಗಳ ಅಂತರ. ಆ ಮೂರು ವರ್ಷಗಳಲ್ಲಿ ನಾನು ಎರಡು ಹೊಸ ಲೆನ್ಸ್ ಕೊಂಡಿದ್ದೆ. ಆದರೆ ಎರಡನೇ ಫೋಟೋ ತೆಗೆದದ್ದು ಮೊದಲನೆಯದನ್ನು ತೆಗೆದ ಲೆನ್ಸಿನಲ್ಲೇ, ಇಲ್ಲಿ ಮೇಜಿನ ಮೇಲಿದೆಯಲ್ಲ, ಇದರಲ್ಲೇ. ಬದಲಾಗಿದ್ದು ಒಂದೇ ಒಂದು. ಫ್ಲ್ಯಾಶಿನ ತಲೆಯನ್ನು ಎಡಗಡೆಯ ಬಿಳಿ ಗೋಡೆಗೆ ತಿರುಗಿಸಿದ್ದೆ.

ನಾವು ಹವ್ಯಾಸಿಗಳು ಸೇರಿದಲ್ಲೆಲ್ಲ ಲೆನ್ಸ್ ಬಗ್ಗೆ ಮಾತಾಡುತ್ತೇವೆ. ಯಾವುದು ಶಾರ್ಪ್, ಯಾವುದರ ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ, ಝೂಮ್ ಆಗದ ಪ್ರೈಮ್ ಲೆನ್ಸ್ ಒಳ್ಳೆಯದೋ ಝೂಮ್ ಒಳ್ಳೆಯದೋ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್ಪು, ಅಂದರೆ ಸೆನ್ಸರ್, ಅದರ ಬಗ್ಗೆಯೂ ಮಾತಾಡುತ್ತೇವೆ. ಫ್ಲ್ಯಾಶ್ ಬಗ್ಗೆ ಮಾತು ಬಂದರೆ ಮಾತ್ರ "ನನಗೆ ಸಹಜ ಬೆಳಕೇ ಇಷ್ಟ" ಅನ್ನುತ್ತೇವೆ. ನಾನೂ ಬಹಳ ಕಾಲ ಹಾಗೇ ಅನ್ನುತ್ತಿದ್ದೆ. ನಿಜ ಏನೆಂದರೆ ನನಗೆ ಫ್ಲ್ಯಾಶ್ ಬಳಸಲು ಬರುತ್ತಿರಲಿಲ್ಲ. ಮುಂದಿನ ಲೆನ್ಸ್ ಕೊಳ್ಳುವ ಮೊದಲು ಇರುವ ಫ್ಲ್ಯಾಶನ್ನು ತಿರುಗಿಸಲು ಕಲಿಯಿರಿ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಅದಕ್ಕೆ ಕಾರಣ ಹೇಳಲು ಲೆನ್ಸಿನಿಂದಲೇ ಶುರು ಮಾಡುತ್ತೇನೆ.

ಈ ಲೆನ್ಸಿನ ಅಂಚಿನಲ್ಲಿ 50 ಮಿ.ಮೀ. ಮತ್ತು 1:1.8 ಅಂತ ಬರೆದಿದೆ. ಈ 1.8 ಏನು? ಫೋಕಲ್ ಲೆಂತನ್ನು, ಅಂದರೆ ಆ 50 ಮಿ.ಮೀ.ಯನ್ನು, ಬೆಳಕು ಒಳಬರುವ ತೂತಿನ ಅಗಲದಿಂದ ಭಾಗಿಸಿದರೆ ಸಿಗುವ ಸಂಖ್ಯೆ. ಇದನ್ನೇ ಎಫ್ ನಂಬರು ಅನ್ನುತ್ತೇವೆ, ಎಫ್/1.8 ಅಂತ ಬರೆಯುತ್ತೇವೆ. ಲೆಕ್ಕವನ್ನು ತಿರುಗಿಸಿ ನೋಡಿ. 50ನ್ನು 1.8ರಿಂದ ಭಾಗಿಸಿದರೆ ಸುಮಾರು 28. ಅಂದರೆ ಎದುರಿನಿಂದ ನೋಡಿದಾಗ ಇದರ ತೂತು 28 ಮಿ.ಮೀ. ಅಗಲ ಕಾಣುತ್ತದೆ. ಬೇಕಿದ್ದರೆ ಆಮೇಲೆ ಬಂದು ಸ್ಕೇಲ್ ಹಿಡಿದು ನೋಡಿ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು 50 ಮಿ.ಮೀ.ಗೆ ಎಳೆದರೆ ಸಾಮಾನ್ಯವಾಗಿ ಎಫ್/5.6ರ ಹತ್ತಿರ ನಿಲ್ಲುತ್ತದೆ. ಆಗ ತೂತಿನ ಅಗಲ 9 ಮಿ.ಮೀ. ಅಗಲದಲ್ಲಿ ಮೂರು ಪಟ್ಟು ವ್ಯತ್ಯಾಸ, ವಿಸ್ತೀರ್ಣದಲ್ಲಿ ಸುಮಾರು ಹತ್ತು ಪಟ್ಟು. ಒಳಗೆ ಬರುವ ಬೆಳಕೂ ಅಷ್ಟೇ ಪಟ್ಟು ಜಾಸ್ತಿ.

ಎಫ್ ನಂಬರು ಏಕೆ 1.4, 2, 2.8, 4, 5.6, 8 ಅಂತ ವಿಚಿತ್ರವಾಗಿ ಏರುತ್ತದೆ ಎಂದು ಹೊಸಬರು ಕೇಳುತ್ತಾರೆ. ಪ್ರತಿ ಹೆಜ್ಜೆಗೂ ಬೆಳಕು ಅರ್ಧವಾಗಬೇಕು. ವಿಸ್ತೀರ್ಣ ಅರ್ಧವಾಗಲು ಅಗಲವನ್ನು 1.4ರಿಂದ ಭಾಗಿಸಬೇಕು. ಅದಕ್ಕೇ ಪ್ರತಿ ಸಂಖ್ಯೆಯೂ ಹಿಂದಿನದರ 1.4 ಪಟ್ಟು. ಒಂದು ಹೆಜ್ಜೆಗೆ ಒಂದು ಸ್ಟಾಪ್ ಅನ್ನುತ್ತೇವೆ. ಈ ಮಾತು ಮುಂದೆ ಮತ್ತೆ ಮತ್ತೆ ಬರುತ್ತದೆ.

ದೊಡ್ಡ ತೂತಿಗಾಗಿ ಮನುಷ್ಯ ಎಷ್ಟು ಕಷ್ಟಪಟ್ಟ ಎಂಬುದು ನನಗೆ ತುಂಬಾ ಇಷ್ಟವಾದ ಕಥೆ. 1839ರಲ್ಲಿ ಫ್ರಾನ್ಸಿನ ಡಗೇರ್ ತನ್ನ ಫೋಟೋ ವಿಧಾನವನ್ನು ಜಗತ್ತಿಗೆ ಬಿಟ್ಟುಕೊಟ್ಟಾಗ ಆ ಕ್ಯಾಮೆರಾಗಳ ಲೆನ್ಸ್ ಹೆಚ್ಚುಕಡಿಮೆ ಎಫ್/15. ಬಿಸಿಲಲ್ಲೂ ನಿಮಿಷಗಟ್ಟಲೆ ಕಾಯಬೇಕಿತ್ತು. ಮನುಷ್ಯರ ಮುಖ ತೆಗೆಯುವುದು ಬಹಳ ಕಷ್ಟ. ಮರುವರ್ಷವೇ, 1840ರಲ್ಲಿ, ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಒಂದು ಲೆನ್ಸ್ ರೂಪಿಸಿದರು. ಅದು ಎಫ್/3.6ರ ಹತ್ತಿರ. ಹದಿನೈದು ಪಟ್ಟಿಗೂ ಹೆಚ್ಚು ಬೆಳಕು. ಮುಖದ ಫೋಟೋ ತೆಗೆಯುವ ಸ್ಟುಡಿಯೋಗಳು ಅದರ ಬಲದಿಂದಲೇ ಬೆಳೆದವು. ಗಾಜು ಉಜ್ಜಿ ಉಜ್ಜಿ ಪ್ರಯೋಗ ಮಾಡಿ ಸಿಕ್ಕ ಲೆನ್ಸ್ ಅದಲ್ಲ. ಕಾಗದದ ಮೇಲಿನ ಲೆಕ್ಕದಿಂದ ಹುಟ್ಟಿದ್ದು. ಅದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಆಮೇಲೆ ಇನ್ನೊಂದು ತೊಡಕು ಬಂತು. ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು ನೂರಕ್ಕೆ 4 ಭಾಗ ಬೆಳಕು ಹಿಂದಕ್ಕೆ ಪುಟಿಯುತ್ತದೆ. ಗಾಳಿಗೆ ತೆರೆದ ಎಂಟು ಮೇಲ್ಮೈ ಇದ್ದರೆ ಕೊನೆಗೆ ಉಳಿಯುವುದು 72 ಭಾಗ. ಹೋದದ್ದು ಸುಮ್ನೆ ಹೋಗುವುದೂ ಇಲ್ಲ. ಒಳಗೇ ಓಡಾಡಿ ಚಿತ್ರವನ್ನು ಮಬ್ಬು ಮಾಡುತ್ತದೆ. 1896ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ಪ್ಲಾನಾರ್ ಎಂಬ ಒಳ್ಳೆಯ ಲೆನ್ಸ್ ರೂಪಿಸಿದರೂ ಅದು ಆಗ ಅಷ್ಟು ಹರಡಲಿಲ್ಲ, ಒಂದು ಕಾರಣ ಇದೇ. 1935ರಲ್ಲಿ ಅದೇ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ತೆಳು ಲೇಪ ಹಾಕುವ ವಿಧಾನ ಕಂಡುಕೊಂಡರು. ನಿಮ್ಮ ಲೆನ್ಸನ್ನು ಓರೆ ಹಿಡಿದರೆ ನೇರಳೆ, ಹಸಿರು ಹೊಳಪು ಕಾಣುತ್ತದಲ್ಲ, ಅದು ಆ ಲೇಪದ ಬಣ್ಣ. ಇವತ್ತಿನ ಝೂಮುಗಳಲ್ಲಿ ಹದಿನೈದು ಇಪ್ಪತ್ತು ಗಾಜುಗಳಿರುವುದು ಸಾಧ್ಯವಾಗಿರುವುದು ಇದರಿಂದಲೇ.

ಲೆನ್ಸಿನ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಇಲ್ಲಿ ಬಿಡಿಸಬೇಕು. ಅಗಲ ನೋಟ ಹಿಡಿಯುವ ಲೆನ್ಸಿಗೆ ವೈಡ್ ಲೆನ್ಸ್ ಅನ್ನುತ್ತೇವೆ. "ವೈಡ್ ಲೆನ್ಸ್ ಮೂಗು ದೊಡ್ಡದು ಮಾಡುತ್ತದೆ" ಅನ್ನುತ್ತಾರೆ. ಮೂಗು ದೊಡ್ಡದಾಗುವುದು ನೀವು ಹತ್ತಿರ ಹೋಗಿದ್ದಕ್ಕೆ. 40 ಸೆಂ.ಮೀ. ದೂರದಿಂದ ಮುಖ ತೆಗೆದರೆ ಮೂಗಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿರುತ್ತದೆ, ಅಂದರೆ 52 ಸೆಂ.ಮೀ. ದೂರದಲ್ಲಿ. ಕಿವಿಗೆ ಹೋಲಿಸಿದರೆ ಮೂಗು 1.3 ಪಟ್ಟು ದೊಡ್ಡದಾಗಿ ಬೀಳುತ್ತದೆ. ಎರಡು ಮೀಟರ್ ದೂರಕ್ಕೆ ಸರಿದರೆ ಅದೇ ಅನುಪಾತ 1.06. ಯಾವ ಲೆನ್ಸ್ ಹಾಕಿದರೂ ಇದೇ. ದೂರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದು, ನಡುಭಾಗವನ್ನು ಕತ್ತರಿಸಿ ನೋಡಿ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನ ಮುಖವೇ ಸಿಗುತ್ತದೆ, ವಿವರ ಮಾತ್ರ ಕಡಿಮೆ ಇರುತ್ತದೆ. ಮೊದಲು ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿ. ಆಮೇಲೆ ಅಲ್ಲಿಂದ ಎಷ್ಟು ಬೇಕೋ ಅಷ್ಟನ್ನು ಹಿಡಿಯುವ ಲೆನ್ಸ್ ಹಾಕಿ.

ಶಾರ್ಪ್‌ನೆಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇವತ್ತು ಸಿಗುವ ಬಹುಪಾಲು ಲೆನ್ಸ್‌ಗಳು ಎಫ್/5.6, ಎಫ್/8ರಲ್ಲಿ ನಮ್ಮ ಅಗತ್ಯಕ್ಕಿಂತ ಶಾರ್ಪ್ ಆಗಿವೆ. ಎಫ್/16ಕ್ಕೆ ಹೋದರೆ ಎಲ್ಲ ಲೆನ್ಸ್‌ಗಳೂ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಸಣ್ಣ ತೂತಿನಲ್ಲಿ ಹಾಯುವಾಗ ಬೆಳಕು ಹರಡಿಕೊಳ್ಳುತ್ತದೆ. ಎಫ್/16ರಲ್ಲಿ ಒಂದು ಚುಕ್ಕಿ ಸುಮಾರು 0.02 ಮಿ.ಮೀ. ಅಗಲದ ಬೊಟ್ಟಾಗಿ ಬೀಳುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ ಒಂದು ಪಿಕ್ಸೆಲ್, ಅಂದರೆ ಸೆನ್ಸರಿನ ಒಂದು ಪುಟ್ಟ ಚೌಕ, 0.006 ಮಿ.ಮೀ. ಬೊಟ್ಟು ಮೂರು ಪಿಕ್ಸೆಲ್‌ಗಿಂತ ಅಗಲ. ಎಷ್ಟೇ ದುಬಾರಿ ಲೆನ್ಸ್ ಆದರೂ ಈ ನಿಯಮ ತಪ್ಪಿದ್ದಲ್ಲ.

ಈಗ ಫ್ಲ್ಯಾಶಿಗೆ ಬರೋಣ. ನನ್ನ ಹೆಚ್ಚಿನ ಸಮಯ ಇದಕ್ಕೇ.

1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಪುಡಿ ಬಂತು. ಅದಕ್ಕೆ ಬೆಂಕಿ ತಗುಲಿಸಿದರೆ ಕಣ್ಣು ಕೋರೈಸುವ ಬೆಳಕು, ಜೊತೆಗೆ ಕೋಣೆ ತುಂಬ ಹೊಗೆ. ಬೆಂಕಿ ಅನಾಹುತವೂ ಆಗುತ್ತಿತ್ತು. ಆ ಪುಡಿಯನ್ನೇ ಹಿಡಿದುಕೊಂಡು ಜೇಕಬ್ ರೀಸ್ ಎಂಬ ಪತ್ರಕರ್ತ ನ್ಯೂಯಾರ್ಕಿನ ಬಡವರ ವಠಾರಗಳ ಕತ್ತಲೆ ಕೋಣೆಗಳಿಗೆ ರಾತ್ರಿ ಹೋದ. ಒಂದೊಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂದು ಊರಿಗೇ ತೋರಿಸಿದ. ಆ ಕೋಣೆಗಳಲ್ಲಿ ಸಹಜ ಬೆಳಕೇ ಇರಲಿಲ್ಲ. ಫ್ಲ್ಯಾಶ್ ಇಲ್ಲದಿದ್ದರೆ ಆ ಬದುಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಫ್ಲ್ಯಾಶ್ ಬೆಳಕು ಸುಳ್ಳು ಬೆಳಕು ಅನ್ನುವವರಿಗೆ ನಾನು ಆ ಚಿತ್ರಗಳನ್ನು ತೋರಿಸುತ್ತೇನೆ.

1930ರ ಹೊತ್ತಿಗೆ ಒಂದು ಸಲ ಉರಿದು ಮುಗಿಯುವ ಫ್ಲ್ಯಾಶ್ ಬಲ್ಬು ಬಂತು. ಹೊಗೆ ಹೋಯಿತು. ಅದೇ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಎಡ್ಜರ್ಟನ್ ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ ಹಾಯಿಸಿ ಮತ್ತೆ ಮತ್ತೆ ಮಿಂಚಿಸುವ ದೀಪವನ್ನು ಪಳಗಿಸಿದರು. ಹಾಲಿನ ಹನಿ ಬಿದ್ದು ಕಿರೀಟದಂತೆ ಏಳುವುದು, ಗುಂಡು ಸೇಬನ್ನು ತೂರಿ ಹೊರಬರುವುದು, ಇವೆಲ್ಲ ಅವರ ಚಿತ್ರಗಳು. ನಿಮ್ಮ ಫ್ಲ್ಯಾಶಿನೊಳಗೆ ಇರುವುದೂ ಅದೇ ತತ್ವದ ಕ್ಸೆನಾನ್ ಕೊಳವೆ.

ಈ ಕೊಳವೆಯ ಒಂದು ಗುಣವನ್ನು ಮೊದಲು ತಿಳಿದುಕೊಳ್ಳಿ. ಪವರ್ ಕಡಿಮೆ ಮಾಡಿದರೆ ಬೆಳಕು ಮಂಕಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಮ್ಮ ಸಣ್ಣ ಫ್ಲ್ಯಾಶ್‌ಗಳಲ್ಲಿ ಹಾಗಾಗುವುದಿಲ್ಲ. ಅವು ಮಿಂಚನ್ನು ನಡುವೆಯೇ ಕತ್ತರಿಸುತ್ತವೆ. ಪೂರ್ತಿ ಪವರಿನಲ್ಲಿ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು ಇರುತ್ತದೆ. 1/64 ಅಥವಾ 1/128ಕ್ಕೆ ಇಳಿಸಿದರೆ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದಾಗುತ್ತದೆ. ನೀರಿನ ಹನಿಯನ್ನು ಗಾಳಿಯಲ್ಲೇ ನಿಲ್ಲಿಸಬೇಕಾ? ಪವರ್ ಇಳಿಸಿ, ಫ್ಲ್ಯಾಶನ್ನು ಹತ್ತಿರ ತನ್ನಿ. ಬೆಳಕಿಗೆ ತೆರೆದು ಮುಚ್ಚುವ ಶಟರ್ ಜಾಸ್ತಿ ವೇಗದ್ದಿರುವ ಕ್ಯಾಮೆರಾ ಬೇಕಾಗಿಲ್ಲ.

ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ. ಮಿಂಚು ಸಾವಿರದಲ್ಲೊಂದು ಭಾಗದಲ್ಲಿ ಬಂದು ಹೋಗುತ್ತದೆ. ಶಟರ್ ಸೆಕೆಂಡಿನ 1/200 ಭಾಗ ತೆರೆದಿದ್ದರೂ, 1/30 ಭಾಗ ತೆರೆದಿದ್ದರೂ ಅದು ಪೂರ್ತಿ ಒಳಗೆ ಬಂದೇ ಬರುತ್ತದೆ. ಹಾಗಾಗಿ ಫ್ಲ್ಯಾಶ್ ಬೆಳಕಿಗೆ ಶಟರ್ ಸ್ಪೀಡಿನ ಹಂಗಿಲ್ಲ. ಕೋಣೆಯ ದೀಪದ ಬೆಳಕಿಗೆ ಇದೆ. ಒಂದೇ ಫೋಟೋದಲ್ಲಿ ಎರಡು ಫೋಟೋ ತೆಗೆಯುತ್ತಿದ್ದೇವೆ ಎಂದು ಭಾವಿಸಿ. ಒಂದು ಫ್ಲ್ಯಾಶಿನದು, ಇನ್ನೊಂದು ಕೋಣೆಯದು. ಹಿನ್ನೆಲೆ ಕಪ್ಪಾಗಿದೆಯಾ? ಶಟರ್ 1/200ರಿಂದ 1/50ಕ್ಕೆ ಇಳಿಸಿ. ಮುಖ ಹಾಗೇ ಇರುತ್ತದೆ, ಹಿನ್ನೆಲೆ ಎರಡು ಸ್ಟಾಪ್ ಬೆಳಗುತ್ತದೆ. ನನಗೆ ಇದು ಅರ್ಥವಾದ ದಿನ ಒಂದು ಕುರ್ಚಿಯನ್ನು ಇಟ್ಟುಕೊಂಡು ಇಡೀ ಸಂಜೆ ಫೋಟೋ ತೆಗೆದೆ. ಕುರ್ಚಿ ಒಂದೇ ಸಮ, ಹಿಂದಿನ ಕೋಣೆ ಮಾತ್ರ ರಾತ್ರಿಯಿಂದ ಸಂಜೆಯಾಗಿ, ಸಂಜೆಯಿಂದ ಹಗಲಾಗಿ ಬದಲಾಗುತ್ತಿತ್ತು.

ಮೇಲಿನ ಮಿತಿ ಮಾತ್ರ ನೆನಪಿರಲಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಅದಕ್ಕಿಂತ ವೇಗಕ್ಕೆ ಹೋದರೆ ಶಟರಿನ ಎರಡು ಪರದೆಗಳು ಪೂರ್ತಿ ತೆರೆಯುವುದೇ ಇಲ್ಲ. ಒಂದು ಸೀಳು ಮಾತ್ರ ಸೆನ್ಸರ್ ಮೇಲೆ ಸರಿದು ಹೋಗುತ್ತದೆ. ಮಿಂಚು ಬಂದಾಗ ಮುಚ್ಚಿದ್ದ ಭಾಗ ಕಪ್ಪು ಪಟ್ಟಿಯಾಗಿ ಉಳಿಯುತ್ತದೆ. ಹೈ ಸ್ಪೀಡ್ ಸಿಂಕ್ ಎಂಬ ವ್ಯವಸ್ಥೆಯಲ್ಲಿ ಫ್ಲ್ಯಾಶ್ ಬೇಗ ಬೇಗ ಮಿಡಿಯುತ್ತಾ ಸೀಳು ದಾಟುವವರೆಗೂ ಬೆಳಕು ಕೊಡುತ್ತದೆ. ಆದರೆ ಬಲ ಬಹಳ ಕುಂದುತ್ತದೆ.

ಇನ್ನು ದೂರದ ಲೆಕ್ಕ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಗುಂಪಿನ ಫೋಟೋದಲ್ಲಿ ಮಾತ್ರ ಮರೆತುಬಿಡುತ್ತೇವೆ. ಮುಂದಿನ ಸಾಲು 2 ಮೀಟರ್ ದೂರದಲ್ಲಿದೆ, ಹಿಂದಿನ ಸಾಲು 4 ಮೀಟರ್ ಎಂದುಕೊಳ್ಳಿ. ಹಿಂದಿನವರಿಗೆ ಸಿಗುವುದು ಕಾಲು ಭಾಗ ಬೆಳಕು. ಮುಂದೆ ಕೂತ ಮಕ್ಕಳು ಬೆಳ್ಳಗೆ, ಹಿಂದೆ ನಿಂತ ಹಿರಿಯರು ಕತ್ತಲಲ್ಲಿ. ನೀವು ನಾಲ್ಕು ಮೀಟರ್ ಹಿಂದೆ ಸರಿಯಿರಿ. ಈಗ 6 ಮತ್ತು 8 ಮೀಟರ್. ಹಿಂದಿನವರಿಗೆ ಅರ್ಧಕ್ಕಿಂತ ಹೆಚ್ಚು ಬೆಳಕು ಸಿಗುತ್ತದೆ. ಸ್ವಲ್ಪ ತಿದ್ದಿದರೆ ಸರಿಹೋಗುವಷ್ಟು ವ್ಯತ್ಯಾಸ. ಆದರೆ ಅಷ್ಟು ದೂರಕ್ಕೆ ಫ್ಲ್ಯಾಶಿಗೆ ಶಕ್ತಿ ಬೇಕು. ಅದಕ್ಕೇ ಗೈಡ್ ನಂಬರ್ ಇರುವುದು. ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬ ಸಂಖ್ಯೆ ಐಎಸ್ಓ. ಐಎಸ್ಓ 100ರಲ್ಲಿ ಗೈಡ್ ನಂಬರ್ 40 ಮೀಟರ್ ಅಂದರೆ 40ನ್ನು ದೂರದಿಂದ ಭಾಗಿಸಿ, ಬೇಕಾದ ಎಫ್ ನಂಬರು ಸಿಗುತ್ತದೆ. 5 ಮೀಟರಿಗೆ ಎಫ್/8. 10 ಮೀಟರಿಗೆ ಎಫ್/4. ಫ್ಲ್ಯಾಶ್ ತಾನೇ ಅಳೆದು ಕೊಡುವ ಈ ಕಾಲದಲ್ಲೂ ಈ ಭಾಗಾಕಾರ ಬಾಯಲ್ಲಿರಲಿ. ಫ್ಲ್ಯಾಶ್ ಸೋಲುವುದು ಎಲ್ಲಿ ಎಂದು ಮೊದಲೇ ಗೊತ್ತಾಗುತ್ತದೆ.

ಈಗ ಅಜ್ಜಿಯ ಫೋಟೋಗೆ ವಾಪಸ್ ಬರುತ್ತೇನೆ. ಗೋಡೆಗೆ ತಿರುಗಿಸಿದಾಗ ಏನಾಯಿತು?

ನೆರಳಿನ ಅಂಚು ಗಡುಸಾಗಿರುತ್ತದೋ ಮೃದುವಾಗಿರುತ್ತದೋ ಎಂಬುದನ್ನು ತೀರ್ಮಾನಿಸುವುದು ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಫೋಟೋದಲ್ಲಿರುವವರ ಜಾಗದಿಂದ ನೋಡಿದಾಗ ಎಷ್ಟು ದೊಡ್ಡದು, ಅಷ್ಟೇ ಮುಖ್ಯ. ಸೂರ್ಯನ ಅಗಲ ಸುಮಾರು 14 ಲಕ್ಷ ಕಿ.ಮೀ. ಆದರೂ 15 ಕೋಟಿ ಕಿ.ಮೀ. ದೂರದಲ್ಲಿರುವುದರಿಂದ ನಮಗೆ ಅರ್ಧ ಡಿಗ್ರಿಯಷ್ಟೇ ಕಾಣುತ್ತಾನೆ. ಅದಕ್ಕೆ ಬಿಸಿಲಿನ ನೆರಳು ಅಷ್ಟು ಗಡುಸು. ಮೋಡ ಕವಿದರೆ ಇಡೀ ಆಕಾಶವೇ ದೀಪವಾಗುತ್ತದೆ. ನೆರಳು ಕರಗಿಹೋಗುತ್ತದೆ.

ಈ ಫ್ಲ್ಯಾಶಿನ ಮುಖದ ಅಗಲ 7 ಸೆಂ.ಮೀ. 8 ಮೀಟರ್ ದೂರದಿಂದ ನೋಡಿದರೆ ಇದೂ ಅರ್ಧ ಡಿಗ್ರಿಯೇ. ಅಂದರೆ 8 ಮೀಟರ್ ದೂರದ ಫ್ಲ್ಯಾಶ್ ನಡುಮಧ್ಯಾಹ್ನದ ಬಿಸಿಲಿನಷ್ಟೇ ಗಡುಸು. 2 ಮೀಟರಿನಿಂದ ಎರಡು ಡಿಗ್ರಿ, ಅದೂ ಗಡುಸೇ. ಗೋಡೆಗೆ ತಿರುಗಿಸಿದಾಗ ಬೆಳಕು ಹರಡಿಕೊಂಡು ಗೋಡೆಯ ಮೇಲೆ ಒಂದೂವರೆ ಮೀಟರ್ ಅಗಲದ ಬೆಳಕಿನ ತುಂಡು ಮೂಡುತ್ತದೆ. 2 ಮೀಟರ್ ದೂರ ಕೂತ ಅಜ್ಜಿಗೆ ಆ ತುಂಡು 40 ಡಿಗ್ರಿ ಅಗಲ. ಎರಡು ಡಿಗ್ರಿಯ ದೀಪ 40 ಡಿಗ್ರಿಯ ಕಿಟಕಿಯಾಯಿತು. ಅದೂ ಪಕ್ಕದಿಂದ ಬರುವ ಬೆಳಕು. ಕೆನ್ನೆಯ ಗುಂಡು, ಸುಕ್ಕಿನ ಆಳ ಎಲ್ಲ ಕಾಣಲು ಬೆಳಕು ಪಕ್ಕದಿಂದಲೇ ಬರಬೇಕು.

ಫ್ಲ್ಯಾಶ್ ಮೇಲೆ ಸಣ್ಣ ಬಿಳಿ ಪ್ಲಾಸ್ಟಿಕ್ ಟೋಪಿ ಹಾಕಿ ಮೃದುವಾಯಿತು ಎಂದುಕೊಳ್ಳುವವರಿದ್ದಾರೆ. ಟೋಪಿಯಿಂದ ದೀಪದ ಅಗಲ ಹೆಚ್ಚೇನೂ ಬೆಳೆಯುವುದಿಲ್ಲ. ಸಣ್ಣ ಕೋಣೆಯಲ್ಲಿ ಅದು ಕೆಲಸ ಮಾಡಿದಂತೆ ಕಂಡರೆ, ಬೆಳಕು ಸುತ್ತಲ ಗೋಡೆಗಳಿಗೆ ಚೆಲ್ಲಿ ವಾಪಸ್ ಬಂದಿರುತ್ತದೆ. ಬಯಲಿನಲ್ಲಿ ಅದೇ ಟೋಪಿ ಹಾಕಿದರೆ ಬ್ಯಾಟರಿ ಖಾಲಿಯಾಗುತ್ತದೆ, ನೆರಳು ಹಾಗೇ ಉಳಿಯುತ್ತದೆ.

ಗೋಡೆಗೂ ಷರತ್ತುಗಳಿವೆ. ಎರಡು ಮೂರು ಸ್ಟಾಪ್ ಬೆಳಕು ಹೋಗುತ್ತದೆ. ಅಪರ್ಚರ್, ಅಂದರೆ ಲೆನ್ಸಿನ ತೂತು, ತೆರೆಯಬೇಕು, ಇಲ್ಲವೇ ಐಎಸ್ಓ ಏರಿಸಬೇಕು. ಇಲ್ಲಿ ದೊಡ್ಡ ತೂತಿನ ಲೆನ್ಸ್ ನಿಜವಾಗಿ ಸಹಾಯಕ್ಕೆ ಬರುತ್ತದೆ. ಗೋಡೆಗೆ ಹಸಿರು ಬಣ್ಣವಿದ್ದರೆ ಮುಖವೂ ಹಸಿರಾಗುತ್ತದೆ. ಆಗ ಚಾವಣಿ ಹುಡುಕಿ. ಬರೀ ಮೇಲಕ್ಕೆ ಹೊಡೆದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ನಾನು ಹೆಚ್ಚಾಗಿ ತಲೆಯನ್ನು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ತಿರುಗಿಸುತ್ತೇನೆ. ಫ್ಲ್ಯಾಶಿನ ಬೆಳಕು ಮುಖಕ್ಕೆ ನೇರ ತಾಗದಂತೆ ಕೈಯನ್ನೋ ಕಪ್ಪು ರಟ್ಟನ್ನೋ ಅಡ್ಡ ಹಿಡಿಯುತ್ತೇನೆ. ಗೋಡೆಯೇ ಇಲ್ಲದಿದ್ದರೆ? ಬಿಳಿ ಬಟ್ಟೆ ಹಾಕಿಕೊಂಡ ಗೆಳೆಯರನ್ನು ಪಕ್ಕ ನಿಲ್ಲಿಸಿ. ನಿಜವಾಗಿಯೂ ಕೆಲಸ ಮಾಡುತ್ತದೆ.

ಬಣ್ಣದ ಮಾತು ಬಂತು, ಒಂದು ಚಿಕ್ಕ ಟಿಪ್ಪಣಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತೇವೆ. ಫ್ಲ್ಯಾಶ್ ಹಗಲಿನ ಬಣ್ಣದ್ದು, ಸುಮಾರು 5500 ಕೆಲ್ವಿನ್. ಹಳದಿ ಬಲ್ಬು 2800ರ ಹತ್ತಿರ. ಎರಡೂ ಸೇರಿದರೆ ಮುಖ ಸರಿಯಾಗಿದ್ದಾಗ ಹಿನ್ನೆಲೆ ಕಿತ್ತಳೆಯಾಗುತ್ತದೆ. ಹಿನ್ನೆಲೆ ಸರಿ ಮಾಡಿದರೆ ಮುಖ ನೀಲಿಗೆ ತಿರುಗುತ್ತದೆ. ಕಂಪ್ಯೂಟರಿನಲ್ಲಿ ಒಂದೇ ವೈಟ್ ಬ್ಯಾಲೆನ್ಸಿನಿಂದ (ಬಿಳಿಯನ್ನು ಬಿಳಿಯಾಗಿ ತೋರಿಸುವ ಬಣ್ಣದ ತಿದ್ದುಪಡಿ) ಇದನ್ನು ಬಿಡಿಸಲಾಗದು. ಫ್ಲ್ಯಾಶಿನ ಮುಖಕ್ಕೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿ. ಎರಡೂ ಬೆಳಕು ಒಂದೇ ಬಣ್ಣಕ್ಕೆ ಬಂದ ಮೇಲೆ ವೈಟ್ ಬ್ಯಾಲೆನ್ಸನ್ನು ಬಲ್ಬಿಗೆ ಹೊಂದಿಸಿ.

ಕೊನೆಗೆ ಸೆನ್ಸರ್. "ಈಗಿನ ಕ್ಯಾಮೆರಾ ಕತ್ತಲಲ್ಲೂ ತೆಗೆಯುತ್ತದೆ, ಫ್ಲ್ಯಾಶ್ ಯಾಕೆ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಬೆಳಕು ಹಿಡಿಯುವ ಚಿಪ್ಪನ್ನು ರೂಪಿಸಿದರು. ಅದಕ್ಕೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಅಂಥ ಒಂದು ಚಿಪ್ಪನ್ನು ಹಾಕಿ ಕೈಯಲ್ಲಿ ಎತ್ತಿಕೊಂಡು ಹೋಗುವ ಡಿಜಿಟಲ್ ಕ್ಯಾಮೆರಾ ಕಟ್ಟಿದರು. 100 ಸಾಲು, ಸಾಲಿಗೆ 100 ಪಿಕ್ಸೆಲ್. ಕಪ್ಪು ಬಿಳುಪಿನ ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು. ಬಣ್ಣಕ್ಕೂ ಅದೇ ಕಂಪನಿಯ ಬ್ರೈಸ್ ಬೇಯರ್ ದಾರಿ ತೋರಿದರು. 1976ರ ಅವರ ಪೇಟೆಂಟಿನ ಪ್ರಕಾರ ಪ್ರತಿ ಪಿಕ್ಸೆಲ್ ಮೇಲೂ ಒಂದೊಂದೇ ಬಣ್ಣದ ಫಿಲ್ಟರ್. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಹಸಿರಿಗೆ ಹೆಚ್ಚು ಪಾಲು ಏಕೆಂದರೆ ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಹೆಚ್ಚಾಗಿ ಹಸಿರಿನ ಸುತ್ತಲ ಬಣ್ಣಗಳಲ್ಲೇ ಗುರುತಿಸುತ್ತದೆ. ನಿಮ್ಮ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕೆಂಪನ್ನು ನಿಜವಾಗಿ ನೋಡಿದ ಪಿಕ್ಸೆಲ್‌ಗಳು 60 ಲಕ್ಷ ಮಾತ್ರ. ಮಿಕ್ಕ ಜಾಗದ ಕೆಂಪನ್ನು ಅಕ್ಕಪಕ್ಕ ನೋಡಿ ಲೆಕ್ಕ ಹಾಕಿ ತುಂಬಿಸಲಾಗುತ್ತದೆ.

ಪ್ರತಿ ಪಿಕ್ಸೆಲ್ಲೂ ಮಾಡುವುದು ಎಣಿಕೆ. ಬೆಳಕಿನ ಕಣಗಳನ್ನು ಎಣಿಸುತ್ತದೆ. ಮಳೆಯಲ್ಲಿ ಸಾಲಾಗಿ ಬಟ್ಟಲು ಇಟ್ಟರೆ ಎಲ್ಲದಕ್ಕೂ ಒಂದೇ ಸಂಖ್ಯೆಯ ಹನಿ ಬೀಳುವುದಿಲ್ಲ. ಸರಾಸರಿ 100 ಹನಿ ಬೀಳುವಲ್ಲಿ ಹೆಚ್ಚುಕಡಿಮೆ 10 ಹನಿಗಳ ಏರುಪೇರು ಇರುತ್ತದೆ. ಅಂದರೆ ನೂರಕ್ಕೆ ಹತ್ತು. 10,000 ಹನಿ ಬೀಳುವಲ್ಲಿ ಏರುಪೇರು 100, ನೂರಕ್ಕೆ ಒಂದೇ. ಬೆಳಕಿನ ಕಣಗಳೂ ಹೀಗೇ. ನೆರಳಿನ ಭಾಗದಲ್ಲಿ ಮರಳು ಚೆಲ್ಲಿದಂತೆ ಕಾಣುವ ನಾಯ್ಸ್ ಬಹುಮಟ್ಟಿಗೆ ಇದೇ. ಸೆನ್ಸರ್ ಎಷ್ಟೇ ಒಳ್ಳೆಯದಾದರೂ ಬೀಳದ ಕಣವನ್ನು ಎಣಿಸಲಾರದು. ಐಎಸ್ಓ ಏರಿಸಿದರೆ ಎಣಿಕೆಯನ್ನು ದೊಡ್ಡದು ಮಾಡಿ ತೋರಿಸುತ್ತದೆ, ಕಣ ಹೆಚ್ಚಾಗುವುದಿಲ್ಲ.

ಫೋನ್ ಹೇಗೆ ಕತ್ತಲಲ್ಲಿ ತೆಗೆಯುತ್ತದೆ ಎಂದು ನೀವು ಕೇಳಬಹುದು. ಫೋನಿನ ಲೆನ್ಸಿನ ತೂತು ನಾಲ್ಕು ಮಿ.ಮೀ. ಆಸುಪಾಸು. ಅದು ಬೇಗ ಬೇಗ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಜೋಡಿಸಿ ಸರಾಸರಿ ಮಾಡುತ್ತದೆ. 16 ಚಿತ್ರ ಸೇರಿದರೆ ನಾಯ್ಸ್ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಬಹಳ ಜಾಣ ಕೆಲಸ. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಬೆಳಕು ಎಲ್ಲಿಂದ ಬರುತ್ತಿದೆಯೋ ಅಲ್ಲಿಂದಲೇ ಬರುತ್ತದೆ. ತಲೆಯ ಮೇಲಿನ ಒಂದೇ ದೀಪ ಕಣ್ಣಿನ ಕೆಳಗೆ ಕಪ್ಪು ಗುಳಿ ಮಾಡಿದ್ದರೆ, ಫೋನ್ ಆ ಗುಳಿಯನ್ನೇ ನಾಯ್ಸ್ ಇಲ್ಲದೆ ಚೊಕ್ಕವಾಗಿ ತೋರಿಸುತ್ತದೆ. ಬೆಳಕಿನ ದಿಕ್ಕು ಬದಲಿಸಲು ಇನ್ನೊಂದು ಬೆಳಕೇ ಬೇಕು.

ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಎಣಿಸಿದ್ದನ್ನು ಹಾಗೇ ಇಡುವ ಫೈಲಿನಲ್ಲಿ, ತೆಗೆಯಿರಿ ಎಂದು ನಾನು ಹೇಳುವುದೂ ಈ ಎಣಿಕೆ ಉಳಿಯಲಿ ಅಂತಲೇ. ಜೆಪೆಗ್‌ನಲ್ಲಿ, ಅಂದರೆ ಕ್ಯಾಮೆರಾ ಕುಗ್ಗಿಸಿ ಕೊಡುವ ಮಾಮೂಲಿ ಫೈಲಿನಲ್ಲಿ, ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಅಜ್ಜಿಯ ಮೊದಲ ಫೋಟೋ ಜೆಪೆಗ್. ಬಿಳಿಚಿದ ಹಣೆಯನ್ನು ತಿದ್ದಲು ಆಮೇಲೆ ಬಹಳ ಪ್ರಯತ್ನಪಟ್ಟೆ. ಬೂದು ಬಣ್ಣ ಬಂತೇ ಹೊರತು ಚರ್ಮ ಬರಲಿಲ್ಲ. ರಾ ಇದ್ದಿದ್ದರೆ ಸ್ವಲ್ಪವಾದರೂ ಉಳಿಯುತ್ತಿತ್ತೇನೋ. ಪೂರ್ತಿ ತುಂಬಿ ತುಳುಕಿದ ಪಿಕ್ಸೆಲ್ಲಿನಲ್ಲಿ ಮಾತ್ರ ರಾ ಫೈಲಿಗೂ ಏನೂ ಸಿಗುವುದಿಲ್ಲ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ಎಂಬ ಗ್ರಾಫ್ ಬಲಗಡೆಯ ಅಂಚಿಗೆ ಒತ್ತಿಕೊಂಡಿದೆಯಾ ಎಂದು ಅಲ್ಲೇ ನೋಡಿಕೊಳ್ಳಿ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಉತ್ತರಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಹುಡುಗಿ ಕಣ್ಣು ಕೆಂಪಾಗುವುದು ಯಾಕೆ ಎಂದು ಕೇಳಿದಳು. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿರುತ್ತದೆ. ಫ್ಲ್ಯಾಶ್ ಲೆನ್ಸಿಗೆ ತೀರಾ ಹತ್ತಿರವಿದ್ದರೆ ಬೆಳಕು ಕಣ್ಣೊಳಗೆ ನೇರ ಹೋಗಿ, ರಕ್ತ ತುಂಬಿದ ಹಿಂಭಾಗಕ್ಕೆ ತಾಗಿ, ಅದೇ ದಾರಿಯಲ್ಲಿ ಲೆನ್ಸಿಗೆ ವಾಪಸ್ ಬರುತ್ತದೆ. ಫ್ಲ್ಯಾಶನ್ನು ಲೆನ್ಸಿನಿಂದ ದೂರ ಒಯ್ದರೆ ಆ ದಾರಿ ತಪ್ಪುತ್ತದೆ. ಗೋಡೆಗೆ ತಿರುಗಿಸಿದರಂತೂ ಕೆಂಪು ಬರುವುದೇ ಇಲ್ಲ.

ಇನ್ನೊಬ್ಬ ಹಿರಿಯರು ಕೇಳಿದರು: "ಕನ್ನಡಕ ಹಾಕಿಕೊಂಡವರನ್ನು ಏನು ಮಾಡುವುದು? ಗಾಜು ಹೊಳೆದು ಕಣ್ಣೇ ಕಾಣುವುದಿಲ್ಲವಲ್ಲ."

ಬೆಳಕು ಗಾಜಿಗೆ ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ ಆಚೆಗೆ ಹೋಗುತ್ತದೆ. ಆ ದಾರಿಯಲ್ಲಿ ನಿಮ್ಮ ಲೆನ್ಸ್ ಇರಬಾರದು. ಬೆಳಕನ್ನು ಇನ್ನಷ್ಟು ಪಕ್ಕಕ್ಕೆ ಅಥವಾ ಮೇಲಕ್ಕೆ ಒಯ್ಯಿರಿ. ಗದ್ದವನ್ನು ಒಂದು ಚೂರು ಕೆಳಗೆ ಮಾಡಲು ಹೇಳಿ. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೂ ಗಾಜು ಕೆಳಗೆ ವಾಲುತ್ತದೆ. ಕನ್ನಡಕ ತೆಗೆಸಬೇಡಿ. ದಿನವೂ ಹಾಕುವವರಿಗೆ ಅದು ಮುಖದ ಭಾಗವೇ.

ಅಜ್ಜಿಯೂ ಎರಡನೇ ಫೋಟೋದಲ್ಲಿ ಕನ್ನಡಕ ಹಾಕಿದ್ದಾರೆ, ಹತ್ತಿರ ಬಂದು ನೋಡಿ ಎಂದೆ. ಆ ಹಿರಿಯರು ಬಂದು ಬಗ್ಗಿ ನೋಡಿದರು. ಒಂದು ಗಾಜಿನ ಅಂಚಿನಲ್ಲಿ ಬಿಳಿ ಗೋಡೆಯ ಚೂರೊಂದು ಕಾಣುತ್ತದೆ, ಉಗುರಿನ ತುದಿಯಷ್ಟು. ಅಳಿಸುವುದು ಸುಲಭವಿತ್ತು. ನಾನು ಹಾಗೇ ಬಿಟ್ಟಿದ್ದೇನೆ.